ಹ್ಯಾಂಡ್ ಡ್ರೈಯರ್ ಕೆಟ್ಟಿದೆಯೇ? ಮಷಿನ್ ಬಿಚ್ಚುವ ಮೊದಲು ಗೋಡೆ ನೋಡಿ

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಕಲ್ಯಾಣ ಮಂಟಪದಿಂದ ಫೋನ್ ಬಂತು. ಮರುದಿನ ಅಲ್ಲಿ ಮದುವೆ. "ತಮ್ಮಾ, ಕೈ ಒಣಗಿಸೋ ಮಷಿನ್ ಎರಡೂ ಸತ್ತಾವ, ಹೊಸಾವು ತಂದು ಹಾಕಿಬಿಡು" ಎಂದರು ಮಾಲೀಕರು. ನಾನು ಹೊಸದು ತರಲಿಲ್ಲ, ಟೂಲ್ ಚೀಲ ಹಿಡಿದು ಹೋದೆ. ಎರಡೂ ಮಷಿನ್ ಚೆನ್ನಾಗಿಯೇ ಇದ್ದವು. ಸತ್ತಿದ್ದು ಸ್ವಿಚ್ಚು. 1800 ವ್ಯಾಟಿನ ಎರಡು ಮಷಿನ್‌ಗಳಿಗೆ ಯಾರೋ ಒಂದೇ 6 ಆಂಪ್ ಸ್ವಿಚ್ಚಿನಿಂದ ಕರೆಂಟ್ ಕೊಟ್ಟಿದ್ದರು. ಒಂದು ಮಷಿನ್ ಸುಮಾರು 7.8 ಆಂಪ್ ಎಳೆಯುತ್ತದೆ, ಎರಡೂ ಒಟ್ಟಿಗೆ ಓಡಿದರೆ 15 ಆಂಪ್ ದಾಟುತ್ತದೆ. ಊಟದ ಪಂಕ್ತಿ ಎದ್ದಾಗ ಎರಡರ ಮುಂದೆಯೂ ಜನ ನಿಲ್ಲುತ್ತಾರೆ, ಹಾಗಾಗಿ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಪ್ರತಿ ಮದುವೆಯಲ್ಲೂ ಸ್ವಲ್ಪ ಸ್ವಲ್ಪವೇ ಸುಟ್ಟು ಕೊನೆಗೆ ಪೂರ್ತಿ ಕಪ್ಪಾಗಿತ್ತು, ಹೊರಗಿನಿಂದ ನೋಡಿದರೆ ಬಿಳೀ ಸ್ವಿಚ್ಚು ಬಿಳಿಯಾಗಿಯೇ ಕಾಣುತ್ತಿತ್ತು.

ಅವತ್ತು ಎರಡು ಹೊಸ ಮಷಿನ್ ತಂದಿದ್ದರೂ ಅದೇ ಸ್ವಿಚ್ಚಿಗೆ ಸಿಕ್ಕಿಸಿ, ಅವೂ ಓಡದೆ, "ಡೂಪ್ಲಿಕೇಟ್ ಮಾಲು ಕೊಟ್ಟರು" ಅಂತ ಅಂಗಡಿಯವರ ಜೊತೆ ಜಗಳವಾಗುತ್ತಿತ್ತು. ಹೋಟೆಲ್, ಖಾನಾವಳಿ, ಆಫೀಸು, ಮಂಟಪ, ಕಾಲೇಜು ಅಂತ ಈ ಮಷಿನ್‌ಗಳನ್ನು ರಿಪೇರಿ ಮಾಡುತ್ತಾ ನಾನು ಕಲಿತದ್ದು ಇಷ್ಟೇ. ದೋಷ ಜಾಸ್ತಿ ಸಲ ಮಷಿನ್‌ನ ಹೊರಗೇ ಇರುತ್ತದೆ. ವೈರಿನಲ್ಲಿ, ಧೂಳಿನಲ್ಲಿ, ಕೂರಿಸಿದ ಜಾಗದಲ್ಲಿ, ಇಲ್ಲವೇ ಕೊಳ್ಳುವಾಗ ಮಾಡಿದ ಆಯ್ಕೆಯಲ್ಲಿ. ಅದಕ್ಕೇ ಗೋಡೆಯಿಂದ ಶುರು ಮಾಡಿ, ಆಮೇಲೆ ಕವರ್, ಕೊನೆಗೆ ಒಳಗಿನ ಸರ್ಕ್ಯೂಟ್ ಬೋರ್ಡು.

ನಿಮ್ಮದು ಯಾವ ಜಾತಿ?

ಇದನ್ನು ಮೊದಲು ತಿಳಿದುಕೊಳ್ಳಬೇಕು, ಯಾಕೆಂದರೆ ಎರಡರ ರೋಗವೂ ಬೇರೆ ಬೇರೆ. ಹಳೆಯ ಜಾತಿ ಬಿಸಿಗಾಳಿಯದ್ದು. ಒಳಗೊಂದು ಸಣ್ಣ ಬ್ಲೋವರ್, ಅದರ ಮುಂದೆ ಗಾಳಿ ಬಿಸಿ ಮಾಡುವ ಕಾಯಿಲ್. 1500ರಿಂದ 2500 ವ್ಯಾಟ್ ತಿನ್ನುತ್ತದೆ, ಕೈ ಒಣಗಲು 30ರಿಂದ 45 ಸೆಕೆಂಡ್ ಬೇಕು. ನೀರನ್ನು ಆವಿ ಮಾಡಿ ಒಣಗಿಸುವುದು ಇದರ ರೀತಿ. ಇನ್ನೊಂದು ಜೆಟ್ ಜಾತಿ. ಇದು ತೆಳುವಾದ ಸೀಳಿನಿಂದ ಗಾಳಿಯನ್ನು ಎಷ್ಟು ಜೋರಾಗಿ ಬಿಡುತ್ತದೆ ಅಂದರೆ ನೀರು ಆವಿಯಾಗುವುದಕ್ಕೂ ಕಾಯದೆ ಕೈಯಿಂದ ಹಾರಿಹೋಗುತ್ತದೆ. 10ರಿಂದ 15 ಸೆಕೆಂಡ್ ಸಾಕು. ಜಪಾನಿನ ಮಿತ್ಸುಬಿಷಿ ಕಂಪನಿ 1993ರಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ಬಿಟ್ಟಿತು, 2006ರಲ್ಲಿ ಡೈಸನ್ ತನ್ನ ಏರ್‌ಬ್ಲೇಡ್ ತಂದ ಮೇಲೆ ಏರ್‌ಪೋರ್ಟು ಮಾಲುಗಳಲ್ಲೆಲ್ಲ ಇದು ಕಾಣಿಸತೊಡಗಿತು. ಬಿಸಿಗಾಳಿ ಮಷಿನ್‌ನಲ್ಲಿ ಕಾಯಿಲ್ ಮತ್ತು ಬಿಸಿ ಜಾಸ್ತಿಯಾದರೆ ಅದರ ಕರೆಂಟ್ ಕಡಿಯುವ ಕಟ್‌ಆಫ್ ಕೈಕೊಡುತ್ತವೆ. ಜೆಟ್‌ನಲ್ಲಿ ಫಿಲ್ಟರ್, ಮೋಟಾರ್, ಕೆಳಗಿನ ನೀರಿನ ಟ್ಯಾಂಕ್.

ಕೈ ಹಾಕುವ ಮೊದಲು

ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಇಳಿಸಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಯಾಕೆಂದರೆ ಹಳೇ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್‌ನಲ್ಲಿ ಕೂತಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ, ಅಂಥ ಕಡೆ ಸ್ವಿಚ್ ಆಫ್ ಆಗಿದ್ದರೂ ಮಷಿನ್ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಎಂಸಿಬಿ ಇಳಿಸಿದ ಮೇಲೂ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಮಲ್ಟಿಮೀಟರ್‌ನಿಂದ ಇನ್ನೊಮ್ಮೆ ನೋಡಿ. ನೆಲ ಒದ್ದೆ ಇದ್ದರೆ ಒರೆಸಿ, ಚಪ್ಪಲಿ ಹಾಕಿಕೊಂಡೇ ನಿಲ್ಲಿ. ಜೆಟ್ ಮಷಿನ್ ಆದರೆ ಕರೆಂಟ್ ತೆಗೆದ ಮೇಲೆ 5 ನಿಮಿಷ ಕಾಯಿರಿ. ಬ್ರಶ್ ಇಲ್ಲದ ಮೋಟಾರಿನ ಬೋರ್ಡಿನಲ್ಲಿ 230 ವೋಲ್ಟ್ ಎಸಿ ಹೋಗಿ 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ತುಂಬಿಕೊಂಡಿರುತ್ತದೆ. ಅದು ಇಳಿಯುವವರೆಗೆ ಬೆರಳು ಇಡಬಾರದು. ಇಷ್ಟು ಧೈರ್ಯ, ಅಭ್ಯಾಸ ಇಲ್ಲದಿದ್ದರೆ ಕವರ್ ಬಿಚ್ಚುವ ಕೆಲಸ ಲೈಸೆನ್ಸ್ ಇರುವ ವೈರ್‌ಮನ್‌ಗೆ ಬಿಡಿ. ಕವರ್ ಬಿಚ್ಚದೆಯೇ ನೋಡುವಂಥದ್ದು ಬಹಳ ಇದೆ.

ಪೂರ್ತಿ ಸತ್ತಿದೆ

ಕೈ ಇಟ್ಟರೆ ಏನೂ ಇಲ್ಲ, ಲೈಟೂ ಇಲ್ಲ. ಅದೇ ಸಾಲಿನ ಬೇರೆ ಸಾಕೆಟ್‌ಗೆ ಕರೆಂಟ್ ಇದೆಯಾ ನೋಡಿ. ಎಂಸಿಬಿ ಮೇಲಿದ್ದರೂ ಅದರ ಕೆಳಗಿನ ಸ್ಕ್ರೂ ಸಡಿಲವಾಗಿರಬಹುದು. ಹಾಗಿದ್ದರೆ ಅಲ್ಲಿ ಪ್ಲಾಸ್ಟಿಕ್ ಹಳದಿಯಾಗಿರುತ್ತದೆ, ಸ್ವಲ್ಪ ಸುಟ್ಟ ವಾಸನೆ ಇರುತ್ತದೆ. ಆಮೇಲೆ ಸಾಕೆಟ್. ಈ ಮಷಿನ್‌ಗೆ 16 ಆಂಪ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ವೈರ್, ಪ್ರತಿ ಮಷಿನ್‌ಗೆ ಬೇರೆ ಲೈನ್ ಇರಬೇಕು. ಲೈಟಿನ ಲೈನಿನಿಂದ ಎಳೆದಿದ್ದರೆ ಇವತ್ತಲ್ಲ ನಾಳೆ ಸುಡುತ್ತದೆ.

ಸಾಕೆಟ್‌ನಲ್ಲಿ 230 ವೋಲ್ಟ್ ಸರಿಯಾಗಿ ಬರುತ್ತಿದೆ, ಆದರೂ ಸತ್ತಿದೆ ಅಂದರೆ ಆಗ ಕವರ್ ತೆಗೆಯಬಹುದು. ಒಳಗೆ ಕರೆಂಟ್ ಬರುವ ಜಾಗದಲ್ಲಿ ಗಾಜಿನ ಫ್ಯೂಸ್ ಇರುತ್ತದೆ, ಅದರ ಪಕ್ಕ ನಾಣ್ಯದ ಆಕಾರದ ಒಂದು ಬಿಲ್ಲೆ, ಸಾಮಾನ್ಯವಾಗಿ ನೀಲಿ ಬಣ್ಣದ್ದು. ಬಿಲ್ಲೆ ಒಡೆದು ಕಪ್ಪಾಗಿದ್ದರೆ ಕಟ್ಟಡಕ್ಕೆ ಜಾಸ್ತಿ ವೋಲ್ಟೇಜ್ ಬಂದಿತ್ತು ಅಂತ ಅರ್ಥ. ಅದು ತಾನು ಸತ್ತು ಬೋರ್ಡನ್ನು ಉಳಿಸುವ ವಸ್ತು. ಹೊಸ ಬಿಲ್ಲೆ, ಫ್ಯೂಸ್ ಹಾಕಿಸಿ ಮುಗಿಯಿತು ಅನ್ನಬೇಡಿ. ಮೂರು ಫೇಸ್ ಇರುವ ಕಟ್ಟಡದಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿನಲ್ಲಿ 300 ವೋಲ್ಟ್ ದಾಟಬಹುದು. ಅದೇ ಹೊತ್ತಿಗೆ ಕಟ್ಟಡದಲ್ಲಿ ಬಲ್ಬು, ಟಿವಿ ಹೋಗಿದ್ದವಾ ಅಂತ ಕೇಳಿ. ಹೌದು ಅಂದರೆ ಮೀಟರ್ ಬೋರ್ಡಿನ ನ್ಯೂಟ್ರಲ್ ಬಿಗಿ ಮಾಡಿಸದೆ ಯಾವ ಮಷಿನ್ನೂ ಉಳಿಯುವುದಿಲ್ಲ.

ಲೈಟ್ ಇದೆ, ಕೈ ಇಟ್ಟರೆ ಓಡುತ್ತಿಲ್ಲ

ಇದು ಸೆನ್ಸರಿನ ವಿಷಯ. ಸೆನ್ಸರ್ ಕಣ್ಣಿಗೆ ಕಾಣದ ಕೆಂಪು ಬೆಳಕು ಬಿಡುತ್ತದೆ, ಅದು ಕೈಗೆ ಬಡಿದು ತಿರುಗಿ ಬಂದರೆ ಮೋಟಾರ್ ಓಡುತ್ತದೆ. ಗಾಜಿನ ಮೇಲೆ ಏನಾದರೂ ಅಂಟಿದ್ದರೆ ಬೆಳಕು ಹೋಗುವುದೂ ಇಲ್ಲ, ಬರುವುದೂ ಇಲ್ಲ. ನಮ್ಮಲ್ಲಿ ಏನು ಅಂಟಿರುತ್ತದೆ? ಬೋರ್‌ವೆಲ್ ನೀರಿನ ಬಿಳೀ ಸುಣ್ಣದ ಕಲೆ, ಸೋಪು, ಬಸ್‌ಸ್ಟ್ಯಾಂಡಿನಂಥ ಜಾಗದಲ್ಲಿ ಗುಟ್ಕಾದ ಉಗುಳು. ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸುಣ್ಣದ ಕಲೆ ಹೋಗದಿದ್ದರೆ ಬಟ್ಟೆಗೆ ಎರಡು ಹನಿ ಲಿಂಬೆರಸ ಹಾಕಿ ಒರೆಸಿ, ಮತ್ತೆ ಬರೀ ನೀರಿನ ಬಟ್ಟೆಯಿಂದ ಒರೆಸಿ. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಮಾತ್ರ ಮುಟ್ಟಿಸಬೇಡಿ. ಆ ಗಾಜು ನಿಜವಾಗಿ ಪ್ಲಾಸ್ಟಿಕ್ಕು, ಗೀರು ಬಿದ್ದರೆ ಸೆನ್ಸರಿನ ದೃಷ್ಟಿಯೇ ಮಂದವಾಗುತ್ತದೆ.

ಒರೆಸಿದರೂ ಓಡದಿದ್ದರೆ ನಿಮ್ಮ ಮೊಬೈಲ್ ತೆಗೆಯಿರಿ. ಸೆಲ್ಫಿ ಕ್ಯಾಮೆರಾ ಆನ್ ಮಾಡಿ ಸೆನ್ಸರಿನ ಕಡೆ ಹಿಡಿಯಿರಿ. ಬರಿಗಣ್ಣಿಗೆ ಕಾಣದ ಬೆಳಕು ಕ್ಯಾಮೆರಾದಲ್ಲಿ ನೇರಳೆ ಬಣ್ಣದ ಮಿಣುಕಾಗಿ ಕಾಣುತ್ತದೆ. ಮೊದಲು ಟಿವಿ ರಿಮೋಟಿನ ಮೇಲೆ ಪ್ರಯೋಗ ಮಾಡಿ ನೋಡಿ, ನಿಮ್ಮ ಫೋನಿನಲ್ಲಿ ಕಾಣುತ್ತದೋ ಇಲ್ಲವೋ ಗೊತ್ತಾಗುತ್ತದೆ. ಮಿಣುಕು ಕಂಡರೆ ಬೆಳಕು ಹೋಗುತ್ತಿದೆ, ತೊಂದರೆ ತಿರುಗಿ ಹಿಡಿಯುವ ಭಾಗದಲ್ಲಿ ಅಥವಾ ಬೋರ್ಡಿನಲ್ಲಿ. ಕಾಣದಿದ್ದರೆ ಸೆನ್ಸರೇ ಹೋಗಿರಬಹುದು, ಇಲ್ಲವೇ ಅದರ ಸಣ್ಣ ಕನೆಕ್ಟರ್ ಅಲುಗಾಡಿ ಕಳಚಿರಬಹುದು. ಕನೆಕ್ಟರ್ ಒಮ್ಮೆ ತೆಗೆದು ಮತ್ತೆ ಒತ್ತಿ ಕೂರಿಸಿದರೇ ಎಷ್ಟೋ ಮಷಿನ್ ಎದ್ದು ಕೂತಿವೆ.

ಇನ್ನೊಂದು ಮಾತು. ತುಂಬಾ ಮಷಿನ್‌ಗಳಲ್ಲಿ ಒಂದೇ ಸಮ ಒಂದು ನಿಮಿಷದ ಹತ್ತಿರ ಓಡಿದರೆ ತಾನೇ ನಿಲ್ಲುವ ವ್ಯವಸ್ಥೆ ಇರುತ್ತದೆ, ಮುಂದಿನ ಅಡ್ಡಿ ತೆಗೆಯುವವರೆಗೆ ಮತ್ತೆ ಓಡುವುದಿಲ್ಲ. ಯಾರೋ ಕಾಗದ ಸಿಕ್ಕಿಸಿ ಹೋಗಿದ್ದರೆ, ಸೆನ್ಸರಿನ ಕೆಳಗೆ ಸ್ಟಿಕ್ಕರ್ ಅಂಟಿಸಿದ್ದರೆ ಮಷಿನ್ ಸತ್ತಂತೆ ಕಾಣುತ್ತದೆ.

ತಾನೇ ಓಡುತ್ತದೆ, ನಿಲ್ಲುವುದೇ ಇಲ್ಲ

ಧಾರವಾಡದ ಒಂದು ಆಫೀಸಿನಲ್ಲಿ ಈ ದೂರು ಇತ್ತು. ನನಗಿಂತ ಮೊದಲು ಬಂದವರು ಬೋರ್ಡ್ ಬದಲಿಸಿದ್ದರು, ಮತ್ತೆ ಅದೇ ಕಥೆ. ನಾನು ಹೋದಾಗ ಮಷಿನ್ ಸುಮ್ನೆ ಇತ್ತು, ಹತ್ತು ಸಲ ಕೈ ಇಟ್ಟು ತೆಗೆದೆ, ಸರಿಯಾಗಿಯೇ ಓಡಿತು. ವಾಶ್‌ರೂಮ್ ಸ್ವಚ್ಛ ಮಾಡುವ ಅಕ್ಕಾರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಈಗ ಚಲೋನ ಇರತೈತ್ರಿ ಅಣ್ಣಾ, ಸಂಜೀಕ ಬಂದು ನೋಡ್ರಿ, ತಾನ ಚಾಲೂ ಆಕ್ಕೈತಿ" ಅಂದರು. ಸಂಜೆ 5ಕ್ಕೆ ಹೋದೆ. ಪಶ್ಚಿಮದ ವೆಂಟಿಲೇಟರ್‌ನಿಂದ ಬಿಸಿಲು ನೇರ ಬಂದು ಸೆನ್ಸರಿನ ಕೆಳಗಿನ ಸ್ಟೀಲ್ ಬೇಸಿನ್ನಿಗೆ ಬಡಿದು ಮೇಲೆ ಚಿಮ್ಮುತ್ತಿತ್ತು. ಬಿಸಿಲಿನಲ್ಲೂ ಅದೇ ಕಾಣದ ಕೆಂಪು ಬೆಳಕು ಇದೆಯಲ್ಲ, ಸೆನ್ಸರ್ ಅದನ್ನೇ ಕೈ ಅಂದುಕೊಂಡಿತ್ತು. ವೆಂಟಿಲೇಟರ್ ಗಾಜಿಗೆ ಹಾಲುಬಣ್ಣದ ಶೀಟ್ ಅಂಟಿಸಿದೆವು, ಮುಗಿಯಿತು. ಆ ಅಕ್ಕಾರನ್ನು ಮೊದಲೇ ಯಾರಾದರೂ ಕೇಳಿದ್ದರೆ ಒಂದು ಬೋರ್ಡಿನ ದುಡ್ಡು ಉಳಿಯುತ್ತಿತ್ತು. ದಿನಾ ಆ ಕೋಣೆಯಲ್ಲಿ ಇರುವವರು ಅವರು. ಯಾವ ಹೊತ್ತಿಗೆ ಕೆಡುತ್ತದೆ, ಯಾವಾಗಿನಿಂದ ಕೆಡುತ್ತಿದೆ, ಅದಕ್ಕೂ ಮುಂಚೆ ಏನಾಯಿತು ಅಂತ ಅವರಿಗೆ ಗೊತ್ತಿರುವಷ್ಟು ಮ್ಯಾನೇಜರಿಗೂ ಗೊತ್ತಿರುವುದಿಲ್ಲ. ಎಲ್ಲಿಗೆ ಹೋದರೂ ನಾನು ಮೊದಲು ಮಾತಾಡಿಸುವುದು ಅವರನ್ನೇ.

ಬಿಸಿಲಿಲ್ಲದೆಯೂ ಓಡುತ್ತಿದ್ದರೆ ಕೆಳಗೆ ಏನಿದೆ ನೋಡಿ. ಹೊಳೆಯುವ ಬೇಸಿನ್, ಬಿಳೀ ಕಲ್ಲು, ಹೊಸದಾಗಿ ಇಟ್ಟ ಕಸದ ಡಬ್ಬಿ ತೀರಾ ಹತ್ತಿರ ಇದ್ದರೆ ಬೆಳಕು ಅಲ್ಲಿಂದ ತಿರುಗುತ್ತದೆ. ಕಪ್ಪು ಬಟ್ಟೆ ಹೊದಿಸಿ ನೋಡಿ, ನಿಂತರೆ ಅದೇ ಕಾರಣ. ಕೆಲವು ಮಷಿನ್‌ಗಳ ಬೋರ್ಡಿನಲ್ಲಿ ಸೆನ್ಸರ್ ಎಷ್ಟು ದೂರ ನೋಡಬೇಕು ಅಂತ ತಿರುಗಿಸುವ ಸಣ್ಣ ಸ್ಕ್ರೂ ಇರುತ್ತದೆ, 10–15 ಸೆಂ.ಮೀ.ಗೆ ತಂದರೆ ಸಾಕು. ಕರೆಂಟ್ ಕೊಟ್ಟ ತಕ್ಷಣ, ಸೆನ್ಸರ್ ಮುಚ್ಚಿದ್ದರೂ ಓಡುತ್ತದೆ ಅಂದರೆ ಮಾತ್ರ ಬೋರ್ಡಿನ ರಿಲೇ (ಮೋಟಾರ್ ಆನ್, ಆಫ್ ಮಾಡುವ ಸ್ವಿಚ್ಚು) ಅಂಟಿಕೊಂಡಿರಬಹುದು. ಆಗ ಬೋರ್ಡ್ ಕೆಲಸ.

ಗಾಳಿ ಬರುತ್ತದೆ, ಬಿಸಿ ಇಲ್ಲ

ಜೆಟ್ ಜಾತಿಯಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಕಾಯಿಲ್ಲೇ ಇರುವುದಿಲ್ಲ, ಇನ್ನು ಕೆಲವಕ್ಕೆ ಹೀಟರ್ ಆಫ್ ಮಾಡುವ ಸ್ವಿಚ್ ಬದಿಯಲ್ಲಿ ಇರುತ್ತದೆ. ಮೊದಲು ಅದನ್ನು ನೋಡಿ.

ಬಿಸಿಗಾಳಿ ಮಷಿನ್ ಆದರೆ ವೋಲ್ಟೇಜ್ ಅಳೆಯಿರಿ, ಅದೂ ಮಷಿನ್ ಓಡುತ್ತಿರುವಾಗ. ಕಾಯಿಲ್‌ನ ಬಿಸಿ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಬಿಸಿ ಅರುವತ್ತೊಂದು ಪರ್ಸೆಂಟಿಗೆ ಇಳಿಯಿತು, ಅಂದರೆ 1800 ವ್ಯಾಟಿನ ಮಷಿನ್ 1100ರಂತೆ ಕೆಲಸ ಮಾಡುತ್ತದೆ. ಬೋರ್‌ವೆಲ್ ಪಂಪು ಓಡುವಾಗ ಮಾತ್ರ ತಣ್ಣಗಾಗುತ್ತದೆ ಅಂದರೆ ಇದೇ ಕಾರಣ. ಉದ್ದದ ತೆಳ್ಳನೆ ವೈರಿನಲ್ಲೂ ವೋಲ್ಟೇಜ್ ಕಳೆದುಹೋಗುತ್ತದೆ. ಮಷಿನ್ ನಿಂತಾಗ 228, ಓಡುವಾಗ 200 ತೋರಿಸಿದರೆ ವೈರು ಅಥವಾ ಜಾಯಿಂಟು ಎಲ್ಲೋ ಬಿಸಿಯಾಗುತ್ತಿದೆ ಅಂತ ಅರ್ಥ, ಅದನ್ನು ಬಿಟ್ಟರೆ ಅಪಾಯ.

ವೋಲ್ಟೇಜ್ ಸರಿ ಇದ್ದರೆ ಎಂಸಿಬಿ ಇಳಿಸಿ, ಕಾಯಿಲ್‌ನ ಒಂದು ವೈರ್ ಕಳಚಿ ಮೀಟರ್ ಇಡಿ. 1800 ವ್ಯಾಟಿನದು ಸುಮಾರು 29 ಓಮ್ ತೋರಿಸಬೇಕು, 2000 ವ್ಯಾಟಿನದು 26ರ ಆಸುಪಾಸು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಓಮ್ ಸರಿ ಇದ್ದೂ ಬಿಸಿಯಾಗದಿದ್ದರೆ ಕಾಯಿಲ್ ಜೊತೆಗಿನ ಕಟ್‌ಆಫ್ ನೋಡಿ. ಅದರಲ್ಲಿ ಎರಡು ಥರ. ಒಂದು ಬಿಸಿ ಜಾಸ್ತಿಯಾದಾಗ ಬಿಟ್ಟು, ತಣ್ಣಗಾದಾಗ ಮತ್ತೆ ಹಿಡಿಯುವುದು. ಇನ್ನೊಂದು ಒಮ್ಮೆ ಹೋದರೆ ಹೋಯಿತು, ಫ್ಯೂಸಿನ ಹಾಗೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆ ಕಟ್‌ಆಫ್ ಹೋದಾಗ ಎರಡು ವೈರ್ ತಿರುಚಿ ನೇರ ಜೋಡಿಸುವವರಿದ್ದಾರೆ. ಮಷಿನ್ ಓಡುತ್ತದೆ, ಬಿಸಿಯೂ ಬರುತ್ತದೆ, ಗಿರಾಕಿ ಖುಷಿಯಾಗುತ್ತಾರೆ. ಆದರೆ ಮುಂದೆ ಬ್ಲೋವರ್ ನಿಂತ ದಿನ ಕಾಯಿಲನ್ನು ನಿಲ್ಲಿಸುವವರು ಯಾರೂ ಇರುವುದಿಲ್ಲ, ಪ್ಲಾಸ್ಟಿಕ್ ಕವರ್ ಕರಗಿ ಬೆಂಕಿ ಹತ್ತುತ್ತದೆ. ಸಾವಿರಾರು ಜನ ಸೇರುವ ಮಂಟಪದಲ್ಲಿ ಅಂಥ ಕೆಲಸ ದಯವಿಟ್ಟು ಮಾಡಬೇಡಿ, ಮಾಡಿಸಲೂಬೇಡಿ. ಅದೇ ಡಿಗ್ರಿಯ, ಅದೇ ಆಂಪಿನ ಹೊಸ ಕಟ್‌ಆಫ್ ಹಾಕಿಸಿ. ಮತ್ತೆ ಅದು ಹೋದದ್ದು ಯಾಕೆ ಅಂತ ಹುಡುಕಿ. ಜಾಸ್ತಿ ಸಲ ಉತ್ತರ ಧೂಳು.

ಧೂಳಿನ ವಿಷಯ

ಗಾಳಿ ಸೋತಿದೆ, ಮೊದಲಿನ ಹಾಗೆ ಜೋರಿಲ್ಲ, ಬಿಸಿ ಮಾತ್ರ ಸುಡುವ ಹಾಗಿದೆ ಅಂದರೆ ಗಾಳಿ ಎಳೆಯುವ ದಾರಿ ಮುಚ್ಚಿದೆ. ಗಾಳಿ ಕಡಿಮೆಯಾದರೆ ಕಾಯಿಲ್‌ನ ಬಿಸಿ ಹೋಗುವುದಕ್ಕೆ ದಾರಿಯಿಲ್ಲ, ಕಟ್‌ಆಫ್ ಬೀಳುತ್ತದೆ, ಮೋಟಾರ್ ಬೇಯುತ್ತದೆ. ಕಂಪನಿಯ ಪುಸ್ತಕದಲ್ಲಿ ಫಿಲ್ಟರ್ ಇಷ್ಟು ತಿಂಗಳಿಗೊಮ್ಮೆ ತೊಳೆಯಿರಿ ಅಂತ ಬರೆದಿರುತ್ತದೆ, ಅದು ಎಲ್ಲ ಊರಿಗೂ ಸೇರಿಸಿ ಬರೆದ ಮಾತು. ನಮ್ಮ ಭಾಗದ ಧೂಳು ಊರಿಗೊಂದು ಥರ.

ಹತ್ತಿ ಸೀಸನ್‌ನಲ್ಲಿ ಗದಗ, ಹುಬ್ಬಳ್ಳಿಯ ಜಿನ್ನಿಂಗ್ ಮಿಲ್ಲುಗಳ ಅಕ್ಕಪಕ್ಕ ನವಿರಾದ ಎಳೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದು ಫಿಲ್ಟರ್ ಮೇಲೆ ಕಂಬಳಿಯಂತೆ ಪದರ ಕಟ್ಟುತ್ತದೆ, ಬೆರಳಿನಿಂದ ಎತ್ತಿದರೆ ಇಡೀ ಪದರವೇ ಎದ್ದು ಬರುತ್ತದೆ. ತೆಗೆಯುವುದು ಸುಲಭ, ಆದರೆ ವಾರಕ್ಕೊಮ್ಮೆ ತೆಗೆಯಬೇಕು. ಫಿಲ್ಟರ್ ಇಲ್ಲದ ಅಗ್ಗದ ಮಷಿನ್ ಆದರೆ ಅದೇ ಹತ್ತಿ ಕಾಯಿಲ್ ಮೇಲೆ ಹೋಗಿ ಕೂತು ಕೆಂಪಗೆ ಉರಿಯುತ್ತದೆ. ಸುಟ್ಟ ಬಟ್ಟೆಯ ವಾಸನೆ ಬಂದರೆ ಆ ಕ್ಷಣವೇ ನಿಲ್ಲಿಸಿ, ಬ್ರಶ್ಶಿನಿಂದ ಕಾಯಿಲ್ ಗೂಡನ್ನು ಪೂರ್ತಿ ಸ್ವಚ್ಛ ಮಾಡುವವರೆಗೆ ಮತ್ತೆ ಹಚ್ಚಬೇಡಿ.

ಬ್ಯಾಡಗಿಯ ಕಥೆ ಬೇರೆ. ಅಲ್ಲಿ ಮೆಣಸಿನಕಾಯಿ ವ್ಯಾಪಾರದ ಒಂದು ಆಫೀಸಿನಿಂದ ಬಂದ ದೂರು ಕೇಳಿ. ಮಷಿನ್ ಚೆನ್ನಾಗಿ ಓಡುತ್ತದೆ, ಆದರೆ ಓಡಿದಾಗಲೆಲ್ಲ ಒಳಗಿದ್ದವರು ಕೆಮ್ಮುತ್ತಾ ಹೊರಗೆ ಓಡಿ ಬರುತ್ತಾರೆ. ಕವರ್ ತೆಗೆದರೆ ಫಿಲ್ಟರ್ ಕೆಂಪಗಿತ್ತು, ಬ್ಲೋವರಿನ ರೆಕ್ಕೆಯೂ ಕೆಂಪಗಿತ್ತು. ಬಿಸಿಯಾದ ಖಾರದ ಪುಡಿ ಮುಖಕ್ಕೆ ಊದುತ್ತಿದ್ದರೆ ಯಾರು ತಾನೇ ನಿಲ್ಲುತ್ತಾರೆ? ಅಂಥ ಕಡೆ ಫಿಲ್ಟರನ್ನು ಒಣದಾಗಿ ಕೊಡವಬೇಡಿ, ನಿಮ್ಮ ಕಣ್ಣೇ ಹೋಗುತ್ತದೆ. ಮಾಸ್ಕ್, ಕನ್ನಡಕ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ತೊಳೆಯಬಹುದಾದ ಫಿಲ್ಟರನ್ನು ಸೋಪಿನ ನೀರಲ್ಲಿ ಅದ್ದಿ, ಪೂರ್ತಿ ಒಣಗಿದ ಮೇಲೆ ಹಾಕಿ. ನಾನು ಅವರಿಗೆ ಮಷಿನ್ ತೆಗೆಸಿ ಕಾಗದದ ಟವೆಲ್ ಇಡಿ ಅಂತಲೇ ಹೇಳಿದೆ. ಹ್ಯಾಂಡ್ ಡ್ರೈಯರ್ ಕೋಣೆಯ ಗಾಳಿಯನ್ನೇ ತಿರುಗಿಸಿ ಊದುವ ವಸ್ತು. ಕೋಣೆಯ ಗಾಳಿ ಕೆಟ್ಟದಿದ್ದರೆ ಮಷಿನ್ ಎಷ್ಟು ದುಬಾರಿಯದಾದರೂ ಅದೇ ಗಾಳಿ ತಾನೇ ಬರುವುದು?

ತೀರಾ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರನ್ನು ಮಾತ್ರ ತೊಳೆಯಬೇಡಿ. ಕಂಪನಿ ತೊಳೆಯಬಹುದು ಅಂತ ಬರೆದಿದ್ದರೆ ಸರಿ, ಇಲ್ಲದಿದ್ದರೆ ಬದಲಿಸಬೇಕು.

ಫಿಲ್ಟರ್ ಸ್ವಚ್ಛ ಇದ್ದೂ ಗಾಳಿ ಸೋತಿದ್ದರೆ, ಮೋಟಾರಿನ ಹತ್ತಿರ ನೀಲಿ ಕಿಡಿ ಜೋರಾಗಿ ಕಾಣುತ್ತಿದ್ದರೆ ಕಾರ್ಬನ್ ಬ್ರಶ್ ಸವೆದಿದೆ. ಮಿಕ್ಸರಿನಲ್ಲಿ ಇರುತ್ತದಲ್ಲ, ಅದೇ ಥರದ್ದು. ಎರಡನ್ನೂ ಒಟ್ಟಿಗೇ ಬದಲಿಸಿ, ಅಳತೆ ಸರಿಯಾಗಿ ಹೊಂದಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಗುಂಯ್ ಅಂತ ಸದ್ದು ಬಂದು ಮೋಟಾರ್ ತಿರುಗದಿದ್ದರೆ ಎಂಸಿಬಿ ಇಳಿಸಿ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಬೇರಿಂಗ್ ಹೋಗಿದೆ. ಕಟಕಟ ಸದ್ದು ಅಂದರೆ ರೆಕ್ಕೆ ತಾಗುತ್ತಿದೆ. ಇಡೀ ಗೋಡೆ ನಡುಗಿದಂತಾದರೆ ಗೋಡೆಯ ಸ್ಕ್ರೂ ಬಿಗಿ ಮಾಡಿ, ಅಷ್ಟೇ.

ಎಂಸಿಬಿ ಬೀಳುತ್ತದೆ

ಮೊದಲು ಬಿದ್ದದ್ದು ಯಾವುದು ಅಂತ ನೋಡಿ. ಎಂಸಿಬಿಯೋ, ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿಯೋ. ಎರಡೂ ಬೇರೆ ಬೇರೆ ಸುದ್ದಿ ಹೇಳುತ್ತವೆ. ಹಾಕಿದ ತಕ್ಷಣ ಎಂಸಿಬಿ ಬಿದ್ದರೆ ಶಾರ್ಟ್. ನಾಲ್ಕೈದು ನಿಮಿಷ ಓಡಿ ಬಿದ್ದರೆ ಲೋಡ್ ಜಾಸ್ತಿ, ಅದೇ ಲೈನಿನಲ್ಲಿ ಗೀಸರ್ ಇದೆಯಾ ನೋಡಿ. ಆರ್‌ಸಿಸಿಬಿ ಬಿದ್ದರೆ ಕರೆಂಟ್ ಎಲ್ಲೋ ಭೂಮಿಗೆ ಸೋರುತ್ತಿದೆ. 30 ಮಿಲಿಆಂಪ್ ಸೋರಿದರೆ ಸಾಕು, ಅದು ಬೀಳುತ್ತದೆ, ಬೀಳಲೇಬೇಕು.

ಧಾರವಾಡದ ಕಡೆ ಈ ಸೋರಿಕೆಗೆ ಒಂದು ತಿಂಗಳೇ ಇದೆ. ಆಷಾಢದಲ್ಲಿ ಮದುವೆ ಇಲ್ಲ, ಮಂಟಪ ಬೀಗ ಹಾಕಿರುತ್ತದೆ, ಹೊರಗೆ ಜಿಟಿಜಿಟಿ ಮಳೆ. ಮಲೆನಾಡಿನ ಅಂಚು ಅಲ್ವಾ, ಗೋಡೆ ಬೆವರುತ್ತದೆ. ಕಾಯಿಲ್ ಸುತ್ತಿದ ಅಭ್ರಕ, ಕಾಯಿಲ್‌ನ ತುದಿ, ಎಲ್ಲದರ ಮೇಲೂ ತೇವ ಕೂರುತ್ತದೆ. ಶ್ರಾವಣದಲ್ಲಿ ಮೊದಲ ಕಾರ್ಯಕ್ರಮದ ದಿನ ಸ್ವಿಚ್ ಹಾಕಿದರೆ ಆರ್‌ಸಿಸಿಬಿ ಟಪ್ಪಂತ ಬೀಳುತ್ತದೆ. ಮಷಿನ್ ಕೆಟ್ಟಿಲ್ಲ, ತೇವವಾಗಿದೆ. ಕವರ್ ತೆಗೆದು ಮೂರ್ನಾಲ್ಕು ಗಂಟೆ ಹಳೇ 100 ವ್ಯಾಟಿನ ಬಲ್ಬಿನ ಕಾವು ಕೊಡಿ, ಆಮೇಲೆ ವೈರ್‌ಮನ್ ಹತ್ತಿರ 500 ವೋಲ್ಟಿನ ಮೆಗ್ಗರ್ (ಸೋರಿಕೆ ಪರೀಕ್ಷಿಸುವ ಮೀಟರ್) ಇದ್ದರೆ ಕಾಯಿಲ್ ಮತ್ತು ಬಾಡಿ ನಡುವೆ ಅಳೆಯಿಸಿ, 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಹಚ್ಚಬೇಡಿ. ಒಣಗಿಸಿದರೂ ಏರದಿದ್ದರೆ ಕಾಯಿಲ್ ಬದಲಿಸಿ. ಮುಂದಿನ ವರ್ಷ ಈ ತಾಪತ್ರಯ ಬೇಡ ಅಂದರೆ ಮಂಟಪ ಮುಚ್ಚಿರುವಾಗಲೂ ವಾಚ್‌ಮನ್‌ಗೆ ಹೇಳಿ ವಾರಕ್ಕೊಮ್ಮೆ ಎರಡು ನಿಮಿಷ ಓಡಿಸಿ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಅಂತ ಅದನ್ನು ಬೈಪಾಸ್ ಮಾಡಿದ ಜಾಗಕ್ಕೆ ನಾನು ಕೆಲಸಕ್ಕೇ ಹೋಗುವುದಿಲ್ಲ. ಒದ್ದೆ ಕೈ, ಒದ್ದೆ ನೆಲ, ಲೋಹದ ಕವರ್. ಮೂರೂ ಒಂದೇ ಕಡೆ ಇರುವ ಜಾಗ ಅದು. ಅರ್ಥಿಂಗ್ ಕೂಡ ಅಷ್ಟೇ ಮುಖ್ಯ. ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಯಾರಾದರೂ ಹೇಳಿದರೆ ಆ ಮಷಿನ್ ಅವತ್ತೇ ಬಂದ್ ಮಾಡಿ.

ನೀರು, ಆ್ಯಸಿಡ್, ವಾಸನೆ

ಕೈ ಒಳಗೆ ಇಳಿಸುವ ಜೆಟ್ ಮಷಿನ್ ಕೆಳಗೆ ನೀರು ಸೋರಿದರೆ ಟ್ಯಾಂಕ್ ತುಂಬಿದೆ ಅಥವಾ ಸರಿಯಾಗಿ ಕೂತಿಲ್ಲ. ಕೊಳೆತ ವಾಸನೆಯೂ ಅಲ್ಲಿಂದಲೇ. ದಿನಾ ಖಾಲಿ ಮಾಡಿ ಸೋಪಿನ ನೀರಲ್ಲಿ ತೊಳೆಯಬೇಕು. ಅದಕ್ಕಿಂತ ದೊಡ್ಡ ತೊಂದರೆ ಸ್ವಚ್ಛ ಮಾಡುವ ರೀತಿಯದ್ದು. ಪೈಪ್ ಹಿಡಿದು ಗೋಡೆಗೆಲ್ಲ ನೀರು ಹೊಡೆಯುವುದು ನಮ್ಮಲ್ಲಿ ರೂಢಿ, ಟೈಲ್ಸ್‌ಗೆ ಆ್ಯಸಿಡ್ ಹಾಕುವುದೂ ರೂಢಿ. ಆ್ಯಸಿಡ್ಡಿನ ಹೊಗೆ ಮಷಿನ್ ಒಳಗೆ ಹೋಗಿ ತಾಮ್ರದ ತುದಿಗಳನ್ನು ಹಸಿರು ಮಾಡುತ್ತದೆ, ಆರು ತಿಂಗಳಲ್ಲಿ ಕನೆಕ್ಷನ್ ಸಡಿಲ. ಸ್ವಚ್ಛ ಮಾಡುವವರನ್ನು ಬೈಯುವುದು ತಪ್ಪು, ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮಷಿನ್ ಪಕ್ಕದಲ್ಲಿ ನಿಂತು ಐದು ನಿಮಿಷ ತೋರಿಸಿಕೊಡಿ, ಒಂದು ಒಣ ಬಟ್ಟೆ ಬೇರೆ ಕೊಡಿ.

ಏನೂ ಕೆಟ್ಟಿಲ್ಲ, ಆದರೂ ಜನ ಬೈಯುತ್ತಾರೆ

"ಓಡತೈತಿ, ಆದ್ರ ಕೈ ಒಣಗಂಗಿಲ್ಲ." ಇದೂ ದೋಷವೇ, ಆದರೆ ಇದು ಕೊಂಡ ದಿನವೇ ಹುಟ್ಟಿದ್ದು. ಖಾನಾವಳಿಯಲ್ಲಿ ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ತಿಂದು ನಲವತ್ತು ಜನ ಒಟ್ಟಿಗೆ ಏಳುತ್ತಾರೆ. ಕೈಯಲ್ಲಿ ಎಣ್ಣೆಯ ಅಂಶ ಬೇರೆ. ಅಲ್ಲಿ 40 ಸೆಕೆಂಡಿನ ಮಷಿನ್ ಒಂದೇ ಇಟ್ಟರೆ ಯಾರು ಕಾಯುತ್ತಾರೆ? ಅಂಗಿಗೋ ಧೋತರಕ್ಕೋ ಒರೆಸಿಕೊಂಡು ಹೋಗುತ್ತಾರೆ. ಅಂಥ ಕಡೆ ಜೆಟ್ ಜಾತಿಯೇ ಬೇಕು. ದುಡ್ಡು ಜಾಸ್ತಿ ಅನ್ನುವವರಿಗೆ ನಾನು ಈ ಲೆಕ್ಕ ಹಾಕಿ ತೋರಿಸುತ್ತೇನೆ. 1800 ವ್ಯಾಟ್ 35 ಸೆಕೆಂಡ್ ಓಡಿದರೆ, ನೂರು ಜನಕ್ಕೆ ಒಂದು ಮುಕ್ಕಾಲು ಯೂನಿಟ್. 1000 ವ್ಯಾಟಿನ ಜೆಟ್ 12 ಸೆಕೆಂಡ್ ಓಡಿದರೆ, ಅದೇ ನೂರು ಜನಕ್ಕೆ ಮೂರನೇ ಒಂದು ಯೂನಿಟ್. ದಿನಕ್ಕೆ 300 ಜನ ಬರುವ ಹೋಟೆಲಿನಲ್ಲಿ ಇದು ಐದೂ ಕಾಲು ಯೂನಿಟ್ ಎದುರು ಒಂದೇ ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ದಿನಕ್ಕೆ ಹತ್ತು ಜನ ಬರುವ ಸಣ್ಣ ಆಫೀಸಿಗೆ ಈ ಲೆಕ್ಕ ಬೇಕಿಲ್ಲ, ಸಾದಾ ಬಿಸಿಗಾಳಿಯದು ಸಾಕು.

ಜೆಟ್‌ನ ಕೊರತೆ ಸದ್ದು. ಸಣ್ಣ ಟೈಲ್ಸ್ ಕೋಣೆಯಲ್ಲಿ ಕಿವಿಗೆ ಬಡಿಯುತ್ತದೆ, ಸಣ್ಣ ಮಕ್ಕಳು ಹೆದರುತ್ತಾರೆ. ಶಾಲೆಗೆ, ಗ್ರಂಥಾಲಯಕ್ಕೆ, ಪಕ್ಕದಲ್ಲೇ ಊಟದ ಹಾಲ್ ಇರುವ ಕಡೆಗೆ ಕೊಳ್ಳುವ ಮೊದಲು ಅಂಗಡಿಯಲ್ಲೇ ಓಡಿಸಿ ಕೇಳಿ. ಆಸ್ಪತ್ರೆಯ ವಾರ್ಡಿಗೆ ಮಾತ್ರ ನಾನು ಯಾವ ಮಷಿನ್ನೂ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ನೈರ್ಮಲ್ಯ ಮಾರ್ಗಸೂಚಿಯಲ್ಲಿ ಕೈ ತೊಳೆದ ಮೇಲೆ ಒಮ್ಮೆ ಬಳಸಿ ಎಸೆಯುವ ಟವೆಲ್‌ನಿಂದ ಒರೆಸಿಕೊಳ್ಳಿ ಅಂತಲೇ ಇದೆ.

ಕೂರಿಸುವಾಗ ಗಾಳಿ ಬರುವ ಬಾಯಿ ನೆಲದಿಂದ 110–115 ಸೆಂ.ಮೀ. ಎತ್ತರದಲ್ಲಿರಲಿ. ಗಾಲಿಕುರ್ಚಿಯವರು ಬರುವ ಜಾಗದಲ್ಲಿ ಇನ್ನೂ ಒಂದು ಗೇಣು ಕೆಳಗೆ. ತೀರಾ ಮೇಲೆ ಕೂರಿಸಿದರೆ ನೀರು ಮೊಣಕೈಗೆ ಇಳಿದು ಅಂಗಿ ತೋಯುತ್ತದೆ, ಆ ದೂರೂ ನಮಗೇ ಬರುತ್ತದೆ. ನೀರು ಸಿಡಿಯುವ ಜಾಗವಾದರೆ ಡಬ್ಬಿಯ ಮೇಲೆ ಧೂಳು, ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಅಂಕಿ ನೋಡಿ, ಎರಡನೇ ಅಂಕಿ 4 ಇದ್ದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ, 1 ಇದ್ದರೆ ಮೇಲಿಂದ ಬೀಳುವ ಹನಿಯನ್ನು ಮಾತ್ರ. ಇನ್ವರ್ಟರ್ ಲೈನಿಗೆ ಬಿಸಿಗಾಳಿ ಮಷಿನ್ ಕೊಡಬೇಡಿ, 1 ಕೆವಿಎ ಇನ್ವರ್ಟರ್ ಒಂದು ಮಷಿನ್ನನ್ನೂ ಹೊರುವುದಿಲ್ಲ.

ಅಂಗಡಿಯಲ್ಲಿ ಕೇಳಬೇಕಾದ್ದು ಬಣ್ಣವಲ್ಲ. ಇದರ ಕಾಯಿಲ್, ಬ್ರಶ್, ಸೆನ್ಸರ್, ಫಿಲ್ಟರ್ ಬಿಡಿಯಾಗಿ ಹುಬ್ಬಳ್ಳಿಯಲ್ಲೇ ಸಿಗುತ್ತಾ, ಎಷ್ಟು ದಿನದಲ್ಲಿ ಸಿಗುತ್ತದೆ ಅಂತ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸೆನ್ಸರ್ ಒಂದಕ್ಕಾಗಿ ಇಡೀ ಬೋರ್ಡ್ ತರಿಸಬೇಕಾದ ಮಷಿನ್ ಎಷ್ಟೇ ಅಗ್ಗವಾದರೂ ನಾನು ಬೇಡ ಅನ್ನುತ್ತೇನೆ. ಇಷ್ಟೆಲ್ಲ ನೋಡಿದ ಮೇಲೂ ಬೋರ್ಡೇ ಸತ್ತಿದೆ ಅಂತ ಖಾತ್ರಿಯಾಗಿ, ಅದರ ಬೆಲೆ ಹೊಸ ಮಷಿನ್‌ನ ಅರ್ಧಕ್ಕಿಂತ ಜಾಸ್ತಿ ಇದ್ದರೆ ಹೊಸದು ತನ್ನಿ. ಹಳೆಯದರ ಮೋಟಾರ್, ಕಾಯಿಲ್, ಫಿಲ್ಟರ್ ತೆಗೆದಿಡಿ, ಅದೇ ಮಾಡೆಲ್ ಇನ್ನೊಂದಿದ್ದರೆ ಉಪಯೋಗಕ್ಕೆ ಬರುತ್ತವೆ. ಹೊಸದನ್ನು ಸಿಕ್ಕಿಸುವ ಮೊದಲು ಸಾಕೆಟ್ ಕವರ್ ಬಿಚ್ಚಿ ಒಳಗಿನ ವೈರಿನ ಬಣ್ಣ ನೋಡಿ. ಪ್ಲಾಸ್ಟಿಕ್ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಮೊದಲು ಆ ವೈರ್ ಬದಲಿಸಿ.